ದೊಡ್ಡಪ್ಪ ಯಾವ ಕೈಯಲ್ಲಿ ಬೌಲಿಂಗ್ ಮಾಡ್ತಾರೆ?

ನವೆಂಬರ್ ಬಂತೆಂದರೆ ಮೈಸೂರಿನ ಉದಯಗಿರಿಯ ಟೀ ಅಂಗಡಿಗಳಲ್ಲಿ ಕ್ರಿಕೆಟ್ ಮಾತಾಡುವವರು ಸಿಗುವುದಿಲ್ಲ. ಎಲ್ಲರೂ ಲೆಕ್ಕಪರಿಶೋಧಕರಾಗಿಬಿಟ್ಟಿರುತ್ತಾರೆ. ಐಪಿಎಲ್ ತಂಡಗಳು ಯಾರನ್ನು ಉಳಿಸಿಕೊಂಡವು, ಯಾರನ್ನು ಕೈಬಿಟ್ಟವು, ಯಾರನ್ನು ಯಾರಿಗೆ ದಾಟಿಸಿದವು ಎಂಬ ಪಟ್ಟಿ ಹೊರಬೀಳುವ ತಿಂಗಳು ಅದು. ಮನೆಯಲ್ಲಿ ಅಮ್ಮ ಸಾವಿರಕ್ಕೆ ಇಷ್ಟು ಎಂಬ ದರಕ್ಕೆ ಬೀಡಿ ಕಟ್ಟುತ್ತಲೋ ಅಗರಬತ್ತಿ ಹೊಸೆಯುತ್ತಲೋ ಕೂತಿರುತ್ತಾಳೆ. ಮಗ ಇಲ್ಲಿ ಬೈ ಟು ಟೀ ಹಿಡಿದು ನಿಂತು, ಬೆಂಗಳೂರು ತಂಡದ ಪರ್ಸಿನಲ್ಲಿ ಎಷ್ಟು ಕೋಟಿ ಮಿಕ್ಕಿತು, ಅಷ್ಟರಲ್ಲಿ ಒಬ್ಬ ಒಳ್ಳೆಯ ಸ್ಪಿನ್ನರ್ ಬಂದಾನೆಯೇ ಎಂದು ತಲೆ ಕೆಡಿಸಿಕೊಂಡಿರುತ್ತಾನೆ. ಈ ತಿಂಗಳ ರೇಷನ್ನಿಗೆ ಮನೆಯಲ್ಲಿ ಎಷ್ಟು ಮಿಕ್ಕಿದೆ ಎಂದು ಕೇಳಿದರೆ ಮಾತ್ರ ಅವನಿಗೆ ಗೊತ್ತಿರುವುದಿಲ್ಲ.

2025ರ ನವೆಂಬರಿನ ಪಟ್ಟಿಯಲ್ಲಿ ಮಯಾಂಕ್ ಮಾರ್ಕಂಡೆ ಎಂಬ ಲೆಗ್ ಸ್ಪಿನ್ನರ್ ಹೆಸರಿತ್ತು. ಕೋಲ್ಕತ್ತದಿಂದ ಮುಂಬೈಗೆ, 30 ಲಕ್ಷ ರೂಪಾಯಿಗೆ. ಬದಲಿಗೆ ಆ ಕಡೆಯಿಂದ ಆಟಗಾರರು ಯಾರೂ ಬರಲಿಲ್ಲ. ಇಂಥ ಸುದ್ದಿಗೆ ಟೀ ಅಂಗಡಿ ಅರ್ಧ ನಿಮಿಷ ಕೊಡುತ್ತದೆ. ‘ಯಾರವನು?’ ಎಂದು ಒಬ್ಬ, ‘ಲಾಭವೋ ನಷ್ಟವೋ?’ ಎಂದು ಇನ್ನೊಬ್ಬ. ಹೋದವನ ಬಗ್ಗೆ ಇಷ್ಟಾದರೂ ಮಾತು ಬಂತು. ಅವನ ಬದಲಿಗೆ ಬಂದ ನಗದಿನ ಬಗ್ಗೆ ಒಬ್ಬರೂ ವಿಚಾರಿಸಲಿಲ್ಲ. ಅದೂ ಹೊಸ ತಂಡ ಸೇರಿದೆ, ಅದಕ್ಕೂ ಹೇಳಿಕೊಳ್ಳುವುದಿದ್ದೀತು.

ಹಾಗೆಂದು ನಾನೇ ಹುಡುಕಿಕೊಂಡು ಹೊರಟೆ. ಸಿಕ್ಕಿದ್ದು ಉದಯಗಿರಿಯ ಒಂದು ಟೀ ಅಂಗಡಿಯ ಗಲ್ಲಾದಲ್ಲಿ: ಹಳೇ ಸರಣಿಯ ನೂರರ ನೋಟು. ನಡುವೆ ಹರಿದು ಸೆಲ್ಲೋಟೇಪು ಅಂಟಿಸಿದೆ. ಬಿಳಿ ಜಾಗದಲ್ಲಿ ಯಾರೋ ಬಾಲ್‌ಪೆನ್ನಿನಲ್ಲಿ ಕೂಡಿಸುವ ಲೆಕ್ಕ ಬರೆದು, ತಪ್ಪಾಗಿ, ಹೊಡೆದುಹಾಕಿದ್ದಾರೆ. ಒಂದು ಮೂಲೆಗೆ ಟೀ ಕಲೆ, ಇನ್ನೊಂದು ಮೂಲೆಗೆ ಅರಿಶಿನ. ಇಡೀ ಮನೆತನದ ಪರವಾಗಿ ತಾನೇ ಮಾತಾಡುವುದಾಗಿ ಅದು ಒಪ್ಪಿತು. ದುಡ್ಡೇ ದೊಡ್ಡಪ್ಪ ಎಂದು ಹಿರಿಯರು ಸಂಬಂಧ ಕಟ್ಟಿಟ್ಟಿರುವಾಗ ಬೇರೆ ಹೇಗೆ ಕರೆಯುವುದು?

ನಾನು: ನಮಸ್ಕಾರ ದೊಡ್ಡಪ್ಪ. ಹೇಗಿದ್ದೀರಿ?

ದೊಡ್ಡಪ್ಪ: ಏನಂತ ಹೇಳಲಪ್ಪ. ಆ ಗೋಡೆ ಮೇಲೆ ಕಪ್ಪು ಬಿಳಿ ಚೌಕದ ಸ್ಟಿಕ್ಕರ್ ಇದೆಯಲ್ಲ, ಅದು ಬಂದ ಮೇಲೆ ನಮಗೆ ಗಾಳಿ ಬೆಳಕು ಇಲ್ಲ. ಬಂದೋರೆಲ್ಲ ಅದಕ್ಕೆ ಫೋನ್ ಹಿಡೀತಾರೆ, ಡಬ್ಬಿಯೊಳಗಿಂದ ಒಬ್ಬಳು ‘ಇಪ್ಪತ್ತು ರೂಪಾಯಿ ಬಂತು’ ಅಂತ ಬೀದಿಗೆ ಕೇಳೋ ಹಾಗೆ ಕೂಗ್ತಾಳೆ. ನಾವು ಎಷ್ಟು ಸಾವಿರ ಸಲ ಕೈ ಬದಲಾಯಿಸಿದ್ರೂ ಒಂದು ದಿನ ಬಾಯಿ ಬಿಟ್ಟೋರಲ್ಲ.

ನಾನು: ಕ್ರಿಕೆಟ್‌ನಲ್ಲಂತೂ ನಿಮ್ಮ ಹೆಸರು ಚಾಲ್ತಿಯಲ್ಲಿದೆ. ‘ಸಂಪೂರ್ಣ ನಗದು ವ್ಯವಹಾರ’ ಅಂತಲೇ ಬರೀತಾರೆ.

ದೊಡ್ಡಪ್ಪ: ನಾನೂ ಓದಿ ಖುಷಿಪಟ್ಟಿದ್ದೆ. ಸೂಟ್‌ಕೇಸಲ್ಲಿ ಜೋಡಿಸಿ, ವಿಮಾನದಲ್ಲಿ ಕರಕೊಂಡು ಹೋಗ್ತಾರೆ ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಅಲ್ಲೂ ನೋಟಿನ ಸುಳಿವಿಲ್ಲ. ಬ್ಯಾಂಕಿಂದ ಬ್ಯಾಂಕಿಗೆ ಅಂಕಿ ಹೋಗುತ್ತೆ. ಹೆಸರು ನಮ್ಮದು, ಪ್ರಯಾಣ ಬೇರೆಯವರದು.

ನಾನು: ಈ ಊರಿನ ಹುಡುಗರ ಜೊತೆ ನಿಮ್ಮ ಒಡನಾಟ ಹೇಗೆ?

ದೊಡ್ಡಪ್ಪ: ಸುಚಿತ್ ಗೊತ್ತಲ್ಲ, ಜಗದೀಶ ಸುಚಿತ್. ಮೈಸೂರಿನಲ್ಲೇ ಹುಟ್ಟಿದ ಎಡಗೈ ಸ್ಪಿನ್ನರ್. 2015ರಲ್ಲಿ ಮುಂಬೈನೋರು 10 ಲಕ್ಷಕ್ಕೆ ತಗೊಂಡಿದ್ರು, ಆ ವರ್ಷ ಕಪ್ಪೂ ಗೆದ್ರು. ಅವನೂ ನಾವೂ ಒಂದೇ ಗಾಡಿಯಲ್ಲಿ ಹೋದೋರು ಕಣಪ್ಪ. 2019ರ ನವೆಂಬರ್. ಪಂಜಾಬ್ ತಂಡದಿಂದ ಅಶ್ವಿನ್ ಅವರನ್ನ ಡೆಲ್ಲಿಯೋರು ಕೇಳಿದ್ರು. 7.60 ಕೋಟಿಯ ಕ್ಯಾಪ್ಟನ್ನು ಅವರು. ಬದಲಿಗೆ ಏನು ಕೊಟ್ರು ಹೇಳು?

ನಾನು: ಸುಚಿತ್ ಅವರನ್ನು.

ದೊಡ್ಡಪ್ಪ: ಸುಚಿತ್ ಅವರನ್ನು, *ಮತ್ತು* ಒಂದೂವರೆ ಕೋಟಿ ನಗದು. ಆ ‘ಮತ್ತು’ ನಮ್ಮ ಮನೆಯೋರು. ತಕ್ಕಡಿ ಒಂದು ಕಡೆ ಅಶ್ವಿನ್, ಇನ್ನೊಂದು ಕಡೆ ನಿಮ್ಮ ಮೈಸೂರು ಹುಡುಗ. ತೂಕ ಸಾಲದೆ ಬಂದಾಗ ನಮ್ಮನ್ನ ತಂದು ಇಟ್ರು. ಅವತ್ತು ಇಲ್ಲಿ ನಿಂತ ಹುಡುಗರು ಏನಂದ್ರು ಗೊತ್ತಾ? ‘ನಮ್ಮ ಸುಚಿತ್‌ಗೆ ಪ್ರಮೋಷನ್ ಆಯ್ತು’ ಅಂತ ಒಬ್ಬ. ‘ಏನು ಪ್ರಮೋಷನ್ನು, ಚಿಲ್ಲರೆ ಇಲ್ಲ ಅಂತ ಚಾಕೊಲೇಟ್ ಕೊಟ್ಟ ಹಾಗೆ ಕೊಟ್ರು’ ಅಂತ ಇನ್ನೊಬ್ಬ. ಇಬ್ಬರಿಗೂ ಗುದ್ದಾಟ ಆಗೋದೊಂದು ಬಾಕಿ. ಟೀ ಆರಿ ಹೋಯ್ತು. ಅಂಗಡಿ ಭಾಯ್ ಇಬ್ಬರ ಹತ್ತಿರಾನೂ ಪೂರ್ತಿ ಕಾಸು ಇಸ್ಕೊಂಡ್ರು.

ನಾನು: ಡೆಲ್ಲಿ ಆ ಸೀಸನ್ನಿನಲ್ಲಿ ಫೈನಲ್ ತನಕ ಹೋಯಿತು. ಪಂಜಾಬ್ ಪ್ಲೇ ಆಫ್‌ಗೂ ಬರಲಿಲ್ಲ.

ದೊಡ್ಡಪ್ಪ: ಬಂದೋರು ನಾವು ಒಂದೂವರೆ ಕೋಟಿ ಜನ. ಒಬ್ಬರನ್ನೂ ಒಂದು ಓವರ್‌ಗೂ ಇಳಿಸಲಿಲ್ಲ. ಡಗೌಟಲ್ಲಿ ಕೂರಿಸಿ ನೀರು ಕೊಡಿಸೋ ಕೆಲಸ ಕೂಡ ಕೊಡಲಿಲ್ಲ. ಆಮೇಲೆ ನಮ್ಮ ಮೇಲೆ ತಪ್ಪು ಹೊರಿಸಿದ್ರೆ?

ನಾನು: ಸುಚಿತ್ ಆಮೇಲೆ ಹೈದರಾಬಾದಿಗೆ ಹೋದರು.

ದೊಡ್ಡಪ್ಪ: 30 ಲಕ್ಷಕ್ಕೆ. 2021ರ ಏಪ್ರಿಲ್ 25, ಚೆನ್ನೈನಲ್ಲಿ ಮ್ಯಾಚು. ಎದುರಾಳಿ ಯಾರು? ಅದೇ ಡೆಲ್ಲಿ. ಬ್ಯಾಟ್ ಹಿಡಿದು ಬಂದು 6 ಬಾಲಿಗೆ ಔಟಾಗದೆ 14 ಹೊಡೆದು ಮ್ಯಾಚನ್ನ ಸೂಪರ್ ಓವರ್ ತನಕ ಎಳೆದ. ಗೆದ್ದಿದ್ದು ಡೆಲ್ಲಿ, ಅದು ಬೇರೆ. ಮುಂದಿನ ವರ್ಷ ಅವನ ರೇಟು 20 ಲಕ್ಷಕ್ಕೆ ಇಳೀತು. ಆ ವರ್ಷವೇ ಮೇ 8ಕ್ಕೆ ಇನ್ನೊಂದು ಕೆಲಸ ಮಾಡಿದ.

ನಾನು: ಕೊಹ್ಲಿ.

ದೊಡ್ಡಪ್ಪ: ಮ್ಯಾಚಿನ ಮೊದಲನೇ ಬಾಲು. ಕೊಹ್ಲಿ ಸೊನ್ನೆ. ಕ್ಯಾಚು ವಿಲಿಯಮ್ಸನ್. ಈ ಅಂಗಡಿಯಲ್ಲಿ ಆಗ ಏನಾಯ್ತು ಅಂತ ನಾನು ಗಲ್ಲಾದ ಸಂದಿಯಿಂದ ನೋಡಿದೀನಿ. ಎಲ್ಲರೂ ಬೆಂಗಳೂರಿನ ಅಭಿಮಾನಿಗಳು. ಎಲ್ಲರೂ ಮೈಸೂರಿನೋರು. ಚಪ್ಪಾಳೆ ಹೊಡೆಯೋಕೆ ಎರಡು ಕೈ ಎತ್ತಿದೋರು ಹಾಗೇ ತಲೆ ಮೇಲಿಟ್ಕೊಂಡ್ರು. ಬೆಂಗಳೂರು ಆ ಮ್ಯಾಚನ್ನ 67 ರನ್ನಿಂದ ಗೆದ್ದ ಮೇಲೆ ಎಲ್ಲರಿಗೂ ಧೈರ್ಯ ಬಂತು, ‘ಸುಚಿತ್ ನಮ್ಮ ಹುಡುಗ’ ಅನ್ನೋಕೆ. 20 ಲಕ್ಷದೋನು 15 ಕೋಟಿಯೋನನ್ನ ಒಂದೇ ಬಾಲಿಗೆ ಕಳಿಸಿದ್ರೆ ಪರ್ಸಿನ ಲೆಕ್ಕ ಎಲ್ಲಿ ನಿಲ್ಲುತ್ತೆ ಹೇಳು. ಅಂಥ ದಿನ ನಮಗೆ ಅವಮಾನ ಆಗುತ್ತಪ್ಪ, ಸುಳ್ಳು ಹೇಳಲ್ಲ.

ನಾನು: ಅಂದರೆ ನೀವು ಆಟಗಾರರ ಬೆಲೆ ತಪ್ಪಾಗಿ ಕಟ್ಟುತ್ತೀರಿ.

ದೊಡ್ಡಪ್ಪ: ನಾವು ಕಟ್ಟಲ್ಲ. ನಮ್ಮನ್ನ ಕಟ್ಟು ಕಟ್ಟಿ ಇಡ್ತಾರೆ, ಅಷ್ಟೇ. ಕೃಷ್ಣಪ್ಪ ಗೌತಮ್ ವಿಷಯ ತಗೋ. ಕರ್ನಾಟಕದ ಆಫ್ ಸ್ಪಿನ್ನರ್. 2017ರಲ್ಲಿ ಮುಂಬೈಗೆ 2 ಕೋಟಿ. 2018ರಲ್ಲಿ ರಾಜಸ್ಥಾನಕ್ಕೆ 6.20 ಕೋಟಿ. ಅಲ್ಲಿಂದ ಪಂಜಾಬ್‌ಗೆ ದಾಟಿಸಿದ್ರು. 2021ರಲ್ಲಿ ಚೆನ್ನೈಗೆ 9.25 ಕೋಟಿ, ಭಾರತ ತಂಡಕ್ಕೆ ಇನ್ನೂ ಆಡದೆ ಇದ್ದ ಆಟಗಾರನಿಗೆ ಅಲ್ಲಿವರೆಗೆ ಯಾರೂ ಕೊಡದೆ ಇದ್ದ ಮೊತ್ತ. ಆ ಸೀಸನ್ನಿನಲ್ಲಿ ಅವನಿಗೆ ಒಂದು ಮ್ಯಾಚೂ ಸಿಗಲಿಲ್ಲ. ಮುಂದಿನ ವರ್ಷ ಲಕ್ನೋಗೆ 90 ಲಕ್ಷ. ಅದೇ ತೋಳು, ಅದೇ ಬೆರಳು, ಅದೇ ಮನುಷ್ಯ. ನಡುವೆ ಏನು ಬದಲಾಯ್ತು ಅಂತ ನನ್ನ ಕೇಳಬೇಡ, ಹರಾಜಿನಲ್ಲಿ ಪ್ಯಾಡಲ್ ಎತ್ತಿದೋರನ್ನ ಕೇಳು. 2024ರಲ್ಲಿ ರಾಜ್ಯದ ಲೀಗಾದ ಮಹಾರಾಜ ಟ್ರೋಫಿಗೆ ನಿಮ್ಮ ಮೈಸೂರು ವಾರಿಯರ್ಸ್ ಅವನನ್ನ 7.4 ಲಕ್ಷಕ್ಕೆ ಕರಕೊಂಡ್ರು, ಕಪ್ಪೂ ಎತ್ತಿದ್ರು.

ನಾನು: ನಗದಿಗೆ ಹೋಗಿ ಗೆದ್ದವರೂ ಇದ್ದಾರಲ್ಲ. ಕೊಡಗಿನ ರಾಬಿನ್ ಉತ್ತಪ್ಪ?

ದೊಡ್ಡಪ್ಪ: ಅದನ್ನ ಎತ್ತಬೇಡ ಅಂದುಕೊಂಡಿದ್ದೆ. 2021ರ ಜನವರಿ. ರಾಜಸ್ಥಾನದೋರು ಉತ್ತಪ್ಪನ್ನ ಚೆನ್ನೈಗೆ ಕೊಟ್ಟು ನಮ್ಮನ್ನ ಇಟ್ಕೊಂಡ್ರು. ಬದಲಿಗೆ ಬೇರೆ ಆಟಗಾರ ಇಲ್ಲ. ಚೆನ್ನೈ ಅಭಿಮಾನಿಗಳು ಮೂಗು ಮುರಿದ್ರು, ವಯಸ್ಸಾಗಿದೆ ಅಂತ. ಸೀಸನ್ನಿನ ಬಹುಪಾಲು ಆತ ಬೆಂಚಿನ ಮೇಲೆ. ಅಕ್ಟೋಬರಿನಲ್ಲಿ ಕ್ವಾಲಿಫೈಯರ್‌ಗೆ ಇಳಿಸಿದ್ರು ನೋಡು, 63. ಫೈನಲಲ್ಲಿ 15 ಬಾಲಿಗೆ 31. ಕಪ್ಪು ಚೆನ್ನೈಗೆ. ಅದೇ ವರ್ಷ ರಾಜಸ್ಥಾನ ಏಳನೇ ಸ್ಥಾನ. ಆ ಕಡೆ ಹೋದ ನಮ್ಮವರ ಸ್ಕೋರ್ ಎಷ್ಟು? ಸೊನ್ನೆ. ಸ್ಟ್ರೈಕ್ ರೇಟ್? ಇಲ್ಲ. ಫೀಲ್ಡಿಂಗ್‌ನಲ್ಲಿ ನಾವು ಬೌಂಡರಿ ಗೆರೆಯಿಂದ ಹೊರಗೇ ಇರ್ತೀವಿ, ಜಾಹೀರಾತಿನ ಹಲಗೆ ಮೇಲೆ.

ನಾನು: ಹಾಗಾದರೆ ನೀವು ಯಾವ ಕೈಯಲ್ಲಿ ಬೌಲಿಂಗ್ ಮಾಡ್ತೀರಿ ಅಂತ ಓದುಗರು ಕೇಳಿದರೆ?

ದೊಡ್ಡಪ್ಪ: ಮೇಜಿನ ಕೆಳಗಿನ ಕೈಯಲ್ಲಿ ಅಂತ ಬರಿ. ಬೇಡ, ಬರೀಬೇಡ. 2019ರಲ್ಲಿ ನಿಮ್ಮ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬೆಟ್ಟಿಂಗ್ ಗಲಾಟೆಯಾಗಿ ಪೊಲೀಸರು ಆಟಗಾರರನ್ನ, ಓನರನ್ನ ಹಿಡಿದಾಗ ನಮ್ಮ ಮನೆತನದ ಮರ್ಯಾದೆ ಸಾಕಷ್ಟು ಹೋಗಿದೆ. ಆ ಲೀಗೇ ನಿಂತು ಹೋಯ್ತು. ಈಗಿನದು ಹೊಸ ಹೆಸರು, ಮಹಾರಾಜ ಟ್ರೋಫಿ.

ನಾನು: ಅಭಿಮಾನಿಗಳ ಸಿಟ್ಟು ಯಾವಾಗ ಅತಿ ಜೋರಾಗಿತ್ತು?

ದೊಡ್ಡಪ್ಪ: ಹಾರ್ದಿಕ್ ಪಾಂಡ್ಯ ಗುಜರಾತ್ ಬಿಟ್ಟು ಮುಂಬೈಗೆ ಬಂದಾಗ. 2023ರ ನವೆಂಬರು. ಅದರ ಹಿಂದಿನ ಕಥೆ ನಿಮ್ಮ ಬೆಂಗಳೂರಿನದೇ. ಹಾರ್ದಿಕ್‌ಗೆ 15 ಕೋಟಿ ಬೇಕು, ಮುಂಬೈ ಪರ್ಸಿನಲ್ಲಿ ಜಾಗ ಇಲ್ಲ. ಕ್ಯಾಮರಾನ್ ಗ್ರೀನನ್ನ ಬೆಂಗಳೂರಿಗೆ ದಾಟಿಸಿದ್ರು, 17.5 ಕೋಟಿಗೆ. ಅದೂ ನಗದು, ಇದೂ ನಗದು. ಬೆಂಗಳೂರಿನ ದುಡ್ಡು ಮುಂಬೈಯಲ್ಲಿ ಒಂದು ಟೀ ಕುಡಿದು ಅಹಮದಾಬಾದಿಗೆ ಹೋದ ಹಾಗಾಯ್ತು. ಅಹಮದಾಬಾದಿನಲ್ಲಿ ಜನ ಹಾರ್ದಿಕ್‌ಗೆ ಛೀ ಥೂ ಅಂದ್ರು, ಬಿಟ್ಟು ಹೋದ ಅಂತ. ವಾಂಖೆಡೆಯಲ್ಲೂ ಛೀ ಥೂ ಅಂದ್ರು, ಬಂದ ಅಂತ. ರೋಹಿತ್ ಕ್ಯಾಪ್ಟನ್ಸಿ ಹೋಯ್ತಲ್ಲ. ಆ ವರ್ಷ ಮುಂಬೈ ಕೊನೇ ಸ್ಥಾನ. ಇಷ್ಟೆಲ್ಲ ಆದಾಗ ಒಬ್ಬ ಅಭಿಮಾನಿ ನಮ್ಮ ಕಡೆ ತಿರುಗಿ ಛೀ ಅಂದನಾ? ಇಲ್ಲ. ನಾವು ತಗೊಂಡು ಹೋದ ಮನುಷ್ಯನಿಗೆ ಬೈತಾರೆ, ನಮಗೆ ಬೈಯಲ್ಲ. ಯಾಕಂದ್ರೆ ನಾಳೆ ತಮ್ಮ ಮನೆಗೂ ಬರಲಿ ಅಂತ ಒಳಗೊಳಗೆ ಆಸೆ.

ನಾನು: 15 ಕೋಟಿ ಅಷ್ಟೇ ಹೋಗಿದ್ದಾ?

ದೊಡ್ಡಪ್ಪ: ಅದು ಸಂಬಳ. ಅದರ ಮೇಲೆ ವರ್ಗಾವಣೆ ಶುಲ್ಕ ಅಂತ ಇನ್ನೊಂದಿದೆ. ಅದು ಪರ್ಸಿನ ಲೆಕ್ಕಕ್ಕೆ ಬರಲ್ಲ, ಹೊರಗೆ ಹೇಳೋದೂ ಇಲ್ಲ. ಕೊಟ್ಟ ತಂಡ, ತಗೊಂಡ ತಂಡ, ಮಂಡಳಿ, ಮೂವರಿಗೆ ಗೊತ್ತು. ನಮ್ಮ ಮನೆಯೋರು ಎಷ್ಟು ಜನ ಹೋದ್ರು ಅಂತ ನಮಗೇ ಗೊತ್ತಿಲ್ಲ. ಇಲ್ಲಿ ನಿಂತು ಪರ್ಸಿನ ಲೆಕ್ಕ ಪೈಸೆಪೈಸೆಗೂ ಹೇಳೋ ಹುಡುಗರಿಗೆ ಆ ಗುಟ್ಟಿನ ಬಗ್ಗೆ ಹೇಳಿ ನೋಡು, ಮುಖ ಸಪ್ಪಗಾಗುತ್ತೆ.

ನಾನು: ಆಟಗಾರನ ಒಪ್ಪಿಗೆ ಬೇಕು ಅಂತ ನಿಯಮ ಇದೆಯಲ್ಲ?

ದೊಡ್ಡಪ್ಪ: ಇದೆ. ಹಾರ್ದಿಕ್‌ನಂಥೋರು ಒಪ್ಪಿಗೆ ಕೊಡೋದು ಬೇರೆ. ವರ್ಷಪೂರ್ತಿ ಬೆಂಚಲ್ಲಿ ಕೂತ ಹುಡುಗನ್ನ ‘ನಿನಗೆ ಒಪ್ಪಿಗೆಯೇನಪ್ಪ’ ಅಂತ ಕೇಳಿದ್ರೆ, ಇಲ್ಲ ಅಂದು ಮುಂದಿನ ವರ್ಷ ಎಲ್ಲಿ ಕೂರ್ತಾನೆ? ಇನ್ನೊಂದು ತಮಾಷೆ ಕೇಳು. ಓನರ್ ನಮ್ಮನ್ನ ಕೇಳಿದ್ರೆ ಅದು ವ್ಯವಹಾರ, ಆಟಗಾರ ಕೇಳಿದ್ರೆ ದುರಾಸೆ. 2010ರಲ್ಲಿ ರವೀಂದ್ರ ಜಡೇಜ ರಾಜಸ್ಥಾನದಲ್ಲಿ ಇದ್ದುಕೊಂಡು ಇನ್ನೊಂದು ತಂಡದ ಜೊತೆ ಮಾತಾಡಿದ ಅಂತ ಇಡೀ ಸೀಸನ್ ಹೊರಗೆ ಕೂರಿಸಿದ್ರು. 2011ರಲ್ಲಿ ನಿಮ್ಮ ಮನೀಷ್ ಪಾಂಡೆಗೆ ಅಂಥದ್ದೇ ಕಾರಣಕ್ಕೆ 4 ಮ್ಯಾಚ್ ನಿಷೇಧ. ಐಪಿಎಲ್‌ನಲ್ಲಿ ಸೆಂಚುರಿ ಹೊಡೆದ ಮೊದಲ ಭಾರತೀಯ ಅವನು, 2009ರಲ್ಲಿ, ಬೆಂಗಳೂರಿಗೆ. ಆಗ ಭಾರತಕ್ಕೆ ಆಡದೆ ಇದ್ದೋರು ಹರಾಜಿಗೆ ನಿಲ್ಲೋ ಹಾಗೂ ಇರಲಿಲ್ಲ, ಮಂಡಳಿ ಹೇಳಿದ್ದೇ ರೇಟು. ಈಗ ನೋಡು, 2025ರ ನವೆಂಬರಲ್ಲಿ ಅದೇ ಜಡೇಜನ್ನ ಚೆನ್ನೈನೋರು ಅದೇ ರಾಜಸ್ಥಾನಕ್ಕೆ ಕೊಟ್ರು, ಸಂಜು ಸ್ಯಾಮ್ಸನ್ ಬದಲಿಗೆ. 18 ಕೋಟಿಯ ಸಂಬಳ 14 ಕೋಟಿಗೆ ಇಳೀತು. ಈ ಸಲ ಯಾರಿಗೂ ನಿಷೇಧ ಇಲ್ಲ. ಮಾತಾಡಿದೋರು ತಂಡದೋರಲ್ವಾ.

ನಾನು: ಇದೆಲ್ಲ ನಾವು ಅಮೆರಿಕದಿಂದ ಕಲಿತದ್ದೇ ಅಂತಾರೆ.

ದೊಡ್ಡಪ್ಪ: ಅಲ್ಲಿನ ನಮ್ಮ ದಾಯಾದಿ ಡಾಲರ್ ನೂರು ವರ್ಷದಿಂದ ಬೇಸ್‌ಬಾಲ್ ಆಡ್ತಿದಾನೆ. 1919ರ ಡಿಸೆಂಬರಲ್ಲಿ ಬಾಸ್ಟನ್ನಿನೋರು ಬೇಬ್ ರೂತ್ ಅನ್ನೋ ಮಹಾ ಆಟಗಾರನ್ನ ಒಂದು ಲಕ್ಷ ಡಾಲರಿಗೆ ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದ್ರು. ಬಾಸ್ಟನ್ ಮತ್ತೆ ವಿಶ್ವ ಸರಣಿ ಗೆದ್ದಿದ್ದು 2004ರಲ್ಲಿ. ರೂತ್‌ನ ಶಾಪ ಅಂತ ಜನ ಎದೆ ಬಡ್ಕೊಂಡ್ರು. ಅಲ್ಲೂ ಶಾಪ ರೂತ್ ಹೆಸರಿಗೆ, ನಮ್ಮ ದಾಯಾದಿ ಹೆಸರಿಗಲ್ಲ, ಗಮನಿಸು.

ದೊಡ್ಡೋರ ಕಥೆ ಇರಲಿ. ಅಲ್ಲಿ ಕೆಳಗಿನ ದರ್ಜೆಯ ಲೀಗುಗಳಿವೆ, ಸಣ್ಣ ಊರು, ಬಸ್ ಪ್ರಯಾಣ, ಸಣ್ಣ ಸಂಬಳ. ಅಲ್ಲಿಂದ ಒಬ್ಬ ಹುಡುಗ ಹೋದ್ರೆ ಸುದ್ದಿಯಲ್ಲಿ ಒಂದೇ ಸಾಲು, ನಗದಿಗೆ ಕೊಡಲಾಗಿದೆ ಅಂತ. ಎಷ್ಟು ಅಂತಾನೂ ಇರಲ್ಲ. ಅಭಿಮಾನಿಗಳು ಅದರಲ್ಲೂ ನಗೆ ಹುಡುಕ್ತಾರಂತೆ, ‘ಈ ನಗದು ಅನ್ನೋ ಹುಡುಗ ಎಲ್ಲ ತಂಡದಲ್ಲೂ ಆಡಿದಾನಲ್ಲ, ಎಷ್ಟು ವಯಸ್ಸು’ ಅಂತ. ನನ್ನ ಬಗ್ಗೆ ಅಷ್ಟು ಪ್ರೀತಿಯಿಂದ ವಿಚಾರಿಸಿದೋರು ಅವರೊಬ್ಬರೇ. ಟಿಮ್ ಫಾರ್ಟುನೋ ಅಂತ ಒಬ್ಬ ಎಡಗೈ ಪಿಚರ್ ಇದ್ದ. 1989ರಲ್ಲಿ ರೀನೋ ಊರಿನ ತಂಡ ಅವನನ್ನ ಮಿಲ್ವಾಕಿಯೋರಿಗೆ ಕೊಡ್ತು. ಎಷ್ಟಕ್ಕೆ ಗೊತ್ತಾ? ಎರಡೂವರೆ ಸಾವಿರ ಡಾಲರು, ಜೊತೆಗೆ 12 ಡಜನ್ ಚೆಂಡು.

ನಾನು: ಚೆಂಡು?

ದೊಡ್ಡಪ್ಪ: 144 ಚೆಂಡು. ಕೊಟ್ಟ ತಂಡಕ್ಕೆ ಪ್ರಾಕ್ಟೀಸಿಗೆ ಆದವೇನೋ. ಅವನೇನೂ ಕುಗ್ಗಲಿಲ್ಲ, 1992ರಲ್ಲಿ ಮೇಲಿನ ದರ್ಜೆಗೇ ಹೋಗಿ ಆಡಿದ. ಇನ್ನೊಬ್ಬ ಹ್ಯಾರಿ ಚಿಟಿ. 1962ರಲ್ಲಿ ಕ್ಲೀವ್‌ಲ್ಯಾಂಡ್‌ನೋರು ಅವನನ್ನ ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ರು, ಬದಲಿಗೆ ಯಾರನ್ನ ಕೊಡ್ತೀವಿ ಅಂತ ಆಮೇಲೆ ಹೇಳ್ತೀವಿ ಅಂದ್ರು ಮೆಟ್ಸ್‌ನೋರು. ಆಮೇಲೆ ಕೊಟ್ಟಿದ್ದು ಹ್ಯಾರಿ ಚಿಟಿಯನ್ನೇ. ತನಗೆ ತಾನೇ ಬದಲಿ. ನಗ್ತಾ ಇದೀಯಾ, ನಗು. ಕರ್ಟ್ ಫ್ಲಡ್ ಅನ್ನೋನು ನಗಲಿಲ್ಲ. 1969ರಲ್ಲಿ ಸೇಂಟ್ ಲೂಯಿಸ್‌ನಿಂದ ಫಿಲಡೆಲ್ಫಿಯಾಗೆ ದಾಟಿಸಿದಾಗ ‘ಹೋಗಲ್ಲ’ ಅಂದ. ನಾನು ಸಾಮಾನಲ್ಲ ಅಂತ ಸುಪ್ರೀಂ ಕೋರ್ಟ್ ತನಕ ಹೋದ. 1972ರಲ್ಲಿ 5–3ರಿಂದ ಸೋತ. ಅಷ್ಟರಲ್ಲಿ ಅವನ ಆಟ ಮುಗಿದೇ ಹೋಗಿತ್ತು. ಆಟಗಾರರನ್ನ ಕಟ್ಟಿಹಾಕಿದ್ದ ಆ ಕರಾರು ಬಿದ್ದಿದ್ದು 1975ರಲ್ಲಿ, ಇವನಿಗೆ ಪ್ರಯೋಜನಕ್ಕೆ ಬರದ ಹೊತ್ತಿಗೆ. ನಾನು ಕಂಡ ಹಾಗೆ ನಮ್ಮನ್ನ ಗೆದ್ದ ಆಟಗಾರರು ಬಹಳ ಜನ. ನಮ್ಮ ಎದುರು ನಿಂತು ಆಟವನ್ನೇ ಬಿಟ್ಟೋನು ಅವನೊಬ್ಬ.

ನಾನು: ಉದಯಗಿರಿಗೆ ಬರೋಣ. ಇಲ್ಲಿ ನಿಮ್ಮ ಆಟ ಹೇಗೆ?

ದೊಡ್ಡಪ್ಪ: ಉದಯಗಿರಿ ಅಂದ್ರೆ ಟಿವಿ ನೋಡೋರಿಗೆ 2025ರ ಫೆಬ್ರವರಿಯಲ್ಲಿ ಪೊಲೀಸ್ ಠಾಣೆಗೆ ಬಿದ್ದ ಕಲ್ಲು ಒಂದೇ ನೆನಪು. ಕ್ಯಾಮೆರಾದೋರು ರಂಜಾನ್ ರಾತ್ರಿ ಬಂದು ನೋಡಬೇಕು. ತರಾವೀಹ್ ನಮಾಜು ಮುಗೀತಿದ್ದ ಹಾಗೆ ಗಲ್ಲಿಗೆ ದೊಡ್ಡ ಬಲ್ಬು ಕಟ್ತಾರೆ. ಸ್ಟಂಪು ಅಂದ್ರೆ ತಂಪು ಪಾನೀಯದ ಕ್ರೇಟು. ಆಫ್ ಸೈಡಲ್ಲಿ ಯಾರದೋ ಸ್ಕೂಟರು, ಅದಕ್ಕೆ ಬಾಲು ತಗಲಿದ್ರೆ ಔಟು. ಮಹಡಿಗೆ ಹೊಡೆದ್ರೂ ಔಟು, ಯಾಕಂದ್ರೆ ಮೇಲಿನ ಮನೆ ಅಜ್ಜಿ ಬಾಲು ಕೊಡಲ್ಲ. ಸೆಹ್ರಿ ಹೊತ್ತಿನ ತನಕ ಆಟ. ಅಲ್ಲಿ ನಾವಿಲ್ಲ. ಇದ್ರೆ ಬಾಲಿಗೆ ಹಾಕಿದ ಚಂದಾ, ತಲೆಗೆ ಹತ್ತೋ ಇಪ್ಪತ್ತೋ.

ನಾವು ಬರೋದು ಟೂರ್ನಮೆಂಟ್ ಅಂದಾಗ. ಎಂಟ್ರಿ ಫೀ, ಮೊದಲ ಬಹುಮಾನ ನಗದು ಮತ್ತು ಆಳೆತ್ತರದ ಟ್ರೋಫಿ. ಆಗ ಶುರುವಾಗುತ್ತೆ ಗೆಸ್ಟ್ ಪ್ಲೇಯರ್ ಹುಡುಕಾಟ. ‘ಮಂಡ್ಯದಲ್ಲಿ ಒಬ್ಬ ಇದಾನೆ, ಆರು ಬಾಲಿಗೆ ನಾಲ್ಕು ಸಿಕ್ಸು, ದಿನಕ್ಕೆ ಇಷ್ಟು ಕೇಳ್ತಾನೆ, ಪೆಟ್ರೋಲು ಬೇರೆ, ಬಿರಿಯಾನಿ ಬೇರೆ.’ ಅವನು ಬೈಕಲ್ಲಿ ಬರ್ತಾನೆ. ವರ್ಷಪೂರ್ತಿ ಇದೇ ಗಲ್ಲಿಯಲ್ಲಿ ಬಾಲು ಎತ್ತಿಕೊಟ್ಟ ಹುಡುಗ ಹನ್ನೆರಡನೇ ಆಟಗಾರನಾಗಿ ಚೇರು ಜೋಡಿಸ್ತಾನೆ. ಗೆಸ್ಟು ಎರಡನೇ ಬಾಲಿಗೆ ಔಟಾದ ಅಂದುಕೋ, ಎಲ್ಲರೂ ಬೈಯೋದು ಯಾರಿಗೆ? ಕ್ಯಾಪ್ಟನ್‌ಗೆ. ಗೆಸ್ಟ್ ಆಗಲೇ ನಮ್ಮನ್ನ ಜೇಬಿಗಿಳಿಸಿ ಹೊರಟಿರ್ತಾನೆ, ಸಂಜೆಗೆ ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಟೀಮಿಗೆ ಆಡಬೇಕು.

ಈಗ ಅದೂ ಮುಂದೆ ಹೋಗಿದೆ. ಬಡಾವಣೆ ಲೀಗಿಗೂ ಹರಾಜು. ತಂಡಕ್ಕೊಬ್ಬ ಓನರು, ಬೆನ್ನ ಮೇಲೆ ಹೋಟೆಲಿನ ಹೆಸರು, ಐಕಾನ್ ಪ್ಲೇಯರು. ಸಾಲಾಗಿ ಚೇರು ಹಾಕಿ ಮೈಕು ಹಿಡೀತಾರೆ. ಹೆಚ್ಚಿನ ಕಡೆ ಆ ಹರಾಜು ಪಾಯಿಂಟಲ್ಲಿ, ದುಡ್ಡಲ್ಲಲ್ಲ. ಒಟ್ಟಿಗೆ ಓದಿದ ಗೆಳೆಯರೇ ಎದುರೆದುರು ಕೂತು ‘ಇವನಿಗೆ ಇನ್ನೂರು’ ಅಂತಾರೆ. ಕರೆಯೋರಿಲ್ಲದೆ ಉಳಿದ ಹುಡುಗನ ಮುಖವನ್ನ ನಾನು ನೋಡಿದೀನಪ್ಪ. ಪಾಯಿಂಟೇ ಆದ್ರೂ ಸುಡುತ್ತೆ.

ನಾನು: ಮಹಾರಾಜ ಟ್ರೋಫಿ ಹರಾಜು ಅದಕ್ಕಿಂತ ಗಂಭೀರ, ಅಲ್ಲವೇ?

ದೊಡ್ಡಪ್ಪ: ಒಂದು ತಂಡದ ಇಡೀ ಪರ್ಸು 50 ಲಕ್ಷ. ಐಪಿಎಲ್‌ನಲ್ಲಿ ಅಷ್ಟಕ್ಕೆ ಒಬ್ಬ ಹುಡುಗ ಸಿಗ್ತಾನೆ, ಅಷ್ಟೇ. 2024ರಲ್ಲಿ ದ್ರಾವಿಡ್ ಮಗ ಸಮಿತ್‌ನ ಮೈಸೂರಿನೋರು 50 ಸಾವಿರಕ್ಕೆ ತಗೊಂಡ್ರು. ಗೋಡೆಗೆ ಬೆಲೆ ಕೋಟಿಗಟ್ಟಲೆ ಇದ್ರೂ ಇಟ್ಟಿಗೆಗೆ ಇಷ್ಟೇ ಅಂತ ಅಂಗಡಿಯಲ್ಲಿ ನಕ್ಕರು. 2025ರಲ್ಲಿ ಮನೀಷ್ ಪಾಂಡೆಗೆ 12.20 ಲಕ್ಷ. ಒಂದು ಕಾಲಕ್ಕೆ 11 ಕೋಟಿ ಕಂಡ ಆಟಗಾರ. ಹಾಗಂತ ಆತ ಬರೋಲ್ಲ ಅನ್ನಲಿಲ್ಲ, ಬಂದ, ಆಡಿದ. ನಮಗಿಂತ ದೊಡ್ಡದು ಏನೋ ಆ ಆಟದಲ್ಲಿ ಇರಬೇಕು, ಏನು ಅಂತ ನನಗೆ ಹೊಳೀತಿಲ್ಲ.

ನಾನು: ಆ ಸೀಸನ್ ಪೂರ್ತಿ ಮೈಸೂರಿನಲ್ಲೇ ನಡೆಯಿತು.

ದೊಡ್ಡಪ್ಪ: ನಡೀತು, ಗಂಗೋತ್ರಿ ಗ್ಲೇಡ್ಸ್‌ನಲ್ಲಿ. ಊರಿನ ಆ ತುದಿ, ಉದಯಗಿರಿ ಈ ತುದಿ. ಇಲ್ಲಿನ ಹುಡುಗರು ಆಗಸ್ಟಿಗಾಗಿ ಕಾದಿದ್ರು, ಪಡಿಕ್ಕಲ್, ಪಾಂಡೆ, ಕರುಣ್‌ನಂಥೋರು ಮನೆ ಬಾಗಿಲಿಗೆ ಬರ್ತಾರೆ ಅಂತ. ಪ್ರೇಕ್ಷಕರಿಗೆ ಪ್ರವೇಶ ಇಲ್ಲ ಅಂದ್ರು. ಯಾಕೆ ಅಂತ ನಿನಗೆ ಗೊತ್ತು.

ಗೊತ್ತು. 2025ರ ಜೂನ್ 4. ಹದಿನೆಂಟನೇ ಸೀಸನ್ನಿನಲ್ಲಿ ಬೆಂಗಳೂರು ಮೊದಲ ಐಪಿಎಲ್ ಕಪ್ಪು ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ಬಂದವರಲ್ಲಿ ಯಾರೂ ಪರ್ಸಿನ ಲೆಕ್ಕ ಹಾಕಿ ಬಂದವರಲ್ಲ. ದೊಡ್ಡಪ್ಪನಿಗೆ ಆ ಬಗ್ಗೆ ನಾನು ಪ್ರಶ್ನೆ ಇಟ್ಟುಕೊಂಡಿರಲಿಲ್ಲ. ಅವರಾಗಿಯೇ ಇಷ್ಟು ಹೇಳಿದರು.

ದೊಡ್ಡಪ್ಪ: ಆಮೇಲೆ ಪರಿಹಾರ ಅಂತ ನಮ್ಮನ್ನ ಕಳಿಸಿದ್ರು, ಆ ಮನೆಗಳಿಗೆ. ಕ್ರಿಕೆಟ್‌ನಲ್ಲಿ ನಾನು ಯಾರ್ಯಾರ ಬದಲಿಗೋ ಹೋಗಿದೀನಿ ಕಣಪ್ಪ. ಅಲ್ಲಿ ಹೋಗೋಕೆ ಮಾತ್ರ ನನ್ನ ಒಪ್ಪಿಗೆ ಕೇಳಿದ್ದಿದ್ರೆ ಇಲ್ಲ ಅಂತಿದ್ದೆ. ಮುಂದಿನ ಪ್ರಶ್ನೆ ಕೇಳು.

ನಾನು: ಆಟಗಾರ ಹೋದರೆ ತಂಡಕ್ಕೆ ದುಡ್ಡು ಬರುತ್ತದೆ. ಕೊಂಡ ತಂಡಕ್ಕೆ ಆಟಗಾರ ಸಿಗುತ್ತಾನೆ. ಅಭಿಮಾನಿಗೆ?

ದೊಡ್ಡಪ್ಪ: ಹಳೇ ಜೆರ್ಸಿ. ಬೆನ್ನ ಮೇಲೆ ಹೋದವನ ಹೆಸರು. ಈ ಅಂಗಡಿಯಲ್ಲೇ ಒಬ್ಬ ಹುಡುಗ ಇದಾನೆ, ಪಂಕ್ಚರ್ ಅಂಗಡಿಯೋನು. ಪಡಿಕ್ಕಲ್ ಹೆಸರಿನ ಬೆಂಗಳೂರು ಜೆರ್ಸಿ ಹಾಕಿಸ್ಕೊಂಡಿದ್ದ. 2022ರಲ್ಲಿ ಪಡಿಕ್ಕಲ್ 7.75 ಕೋಟಿಗೆ ರಾಜಸ್ಥಾನಕ್ಕೆ ಹೋದ್ರು. ಇವನು ಬೆನ್ನ ಮೇಲೆ ಟೇಪು ಅಂಟಿಸ್ಕೊಂಡ. 2023ರಲ್ಲಿ ಆವೇಶ್ ಖಾನ್ ಬದಲಿಗೆ ಲಕ್ನೋಗೆ ಹೋದ್ರು. ಇವನು ಆ ಜೆರ್ಸಿಯನ್ನ ಟೈರು ಒರೆಸೋಕೆ ಇಟ್ಟ. 2024ರ ಹರಾಜಿನಲ್ಲಿ ಬೆಂಗಳೂರಿನೋರು 2 ಕೋಟಿಗೆ ವಾಪಸ್ ತಗೊಂಡ್ರು ನೋಡು, ಅವತ್ತೇ ಸೋಪಿನ ನೀರಲ್ಲಿ ನೆನೆಹಾಕಿದ. ಗ್ರೀಸು ಹೋಗಿಲ್ಲ. ಹಾಗೇ ಹಾಕ್ಕೋತಾನೆ. ಅವನ ಹತ್ತಿರ ಹೋಗಿ ‘ನಿನ್ನ ಆಟಗಾರನ ಬೆಲೆ 7.75ರಿಂದ 2ಕ್ಕೆ ಇಳೀತಲ್ಲೋ’ ಅಂದ್ರೆ ‘ಕಡಿಮೆಗೆ ಸಿಕ್ಕಿದ್ರು, ಒಳ್ಳೆ ಪರ್ಚೇಸು’ ಅಂತಾನೆ. ನೋಡು, ಪ್ರೀತಿಯೂ ಅವನದೇ, ಖರೀದಿ ಅಧಿಕಾರಿಯ ಮಾತೂ ಅವನದೇ. ಇಂಥವನಿಗೆ ಏನು ಹೇಳಲಿ? ನಾನೂ ಬಿದ್ದು ಹೋಗ್ತೀನಿ ಅವನ ಎದುರು.

ನಾನು: ಕೊನೆಯದಾಗಿ, ನಿಮ್ಮನ್ನೇ ಯಾರಾದರೂ ಕೇಳಿದರೆ ಯಾವ ತಂಡಕ್ಕೆ ಹೋಗಲು ಇಷ್ಟ?

ದೊಡ್ಡಪ್ಪ: ಅದಿರಲಿ. ಈ ಸಂದರ್ಶನಕ್ಕೆ ನಿನಗೆ ಪತ್ರಿಕೆಯೋರು ಏನು ಕೊಡ್ತಾರೆ? ನಮ್ಮ ಮನೆಯೋರು ಯಾರಾದ್ರೂ ಬರ್ತಾರಾ?

ನಾನು: ಗೌರವ ಪ್ರತಿ ಕಳಿಸ್ತಾರೆ ದೊಡ್ಡಪ್ಪ.

ದೊಡ್ಡಪ್ಪ: ಎಷ್ಟು?

ನಾನು: ಒಂದು.

ದೊಡ್ಡಪ್ಪ: ಆ ರೀನೋ ಹುಡುಗನ ಬದಲಿಗೆ 144 ಚೆಂಡಾದ್ರೂ ಕೊಟ್ಟಿದ್ರಲ್ಲಪ್ಪ.

ನಾನು: ಅಂಚೆ ವೆಚ್ಚ ಅವರದೇ.

ದೊಡ್ಡಪ್ಪ: ಹಾಗಾದ್ರೆ ಟೀ ಕಾಸು ನೀನು ಕೊಡಬೇಡ, ನಾನೇ ನೋಡ್ಕೋತೀನಿ. ಭಾಯ್, ಇವರದ್ದು ಬರ್ಕೋಬೇಡಿ.